ಕಂಬಳಿಗೆ ಸಿಕ್ಕ ಮನೆ

ರಾಯಚೂರಿಗೆ ಬಂದ ದಿನ ನನ್ನ ಕಂಬಳಿ ಮನೆಯೊಳಗೆ ಹೋಯಿತು, ನಾನು ಅಂಗಳದಲ್ಲೇ ನಿಂತೆ.

ಬಿಸಿಲು ನೆತ್ತಿಯ ಮೇಲಿತ್ತು. ಹಾಸುಗಲ್ಲು ರೊಟ್ಟಿಯ ಹಂಚಿನ ಹಾಗೆ ಕಾದಿತ್ತು. ಒಂದು ಕಾಲು ಎತ್ತಿ ಇನ್ನೊಂದು ಊರುತ್ತ ಕೊಕ್ಕರೆಯ ಹಾಗೆ ನಿಂತಿದ್ದೆ. ಬಾಗಿಲಾಚೆ ತಣ್ಣನೆಯ ಕತ್ತಲು. ಆ ಕತ್ತಲಲ್ಲಿ ಗಂಡ ಹೆಂಡತಿ ಇಬ್ಬರು ನನ್ನ ಕಂಬಳಿಯನ್ನು ಬಿಡಿಸಿ, ತಡವಿ, ಮೂಸಿ ನೋಡುತ್ತಿದ್ದರು. ಹೆಣ್ಣು ನೋಡಲು ಬಂದವರು ನನ್ನನ್ನೂ ಇಷ್ಟು ನೋಡಿರಲಿಲ್ಲ.

ಅದಕ್ಕೂ ಮುಂಚೆ ನಾನು ಮತ್ತು ನನ್ನ ಮಗಳು ರೇಣುಕಾ ಬಾಡಿಗೆ ಮನೆ ಹುಡುಕಿ ಕಾಲು ಸವೆಸಿದ್ದೆವು. ರೇಣುಕಾ ಬಸ್ ಕಂಡಕ್ಟರ್. ದೇವದುರ್ಗದಿಂದ ರಾಯಚೂರಿಗೆ ಅವಳ ವರ್ಗವಾಗಿತ್ತು. ಅವಳ ಗಂಡನ ಸುದ್ದಿ ಈ ಬರಹದಲ್ಲಿ ಬೇಡ. ದೇವದುರ್ಗದ ಹತ್ತಿರದ ನಮ್ಮೂರು ಜಾಲಹಳ್ಳಿಯಲ್ಲಿ ನಾವು ಕುರಿ ಮಾರಿ ಆಗಿತ್ತು, ನನಗೆ ಅಲ್ಲಿ ಕೆಲಸ ಉಳಿದಿರಲಿಲ್ಲ. ಮಗಳು ಬಾ ಅಂದಳು, ಬಂದೆ. ಅಳುವುದು, ಊರ ಮಣ್ಣು ಗಂಟು ಕಟ್ಟಿಕೊಳ್ಳುವುದು ಇಂಥದ್ದೇನೂ ಮಾಡಲಿಲ್ಲ. ಹೆಗಲ ಮೇಲೆ ಕಂಬಳಿ ಹಾಕಿಕೊಂಡೆ, ಬಸ್ಸು ಹತ್ತಿದೆ.

ಇಲ್ಲಿ ಮನೆ ಕೇಳಿದರೆ ಮೊದಲು ಕೇಳುವುದು ಎಷ್ಟು ಜನ ಅಂತ ಅಲ್ಲ, ಯಾವ ಜನ ಅಂತ. ಕುರುಬರು ಅಂದ ಕೂಡಲೇ ಆ ಖೋಲಿಗೆ ಅವರ ತಂಗಿಯ ಮಗ ಬರುವವನಿರುತ್ತಾನೆ. ಊರ ತುಂಬ ಎಷ್ಟೊಂದು ತಂಗಿಯರ ಮಕ್ಕಳು! ಹಾಗೆ ಅಲೆಯುತ್ತ ಕೋಟೆಗೋಡೆಯ ಹಿಂದಿನ ಗಲ್ಲಿಗೆ ಬಂದಾಗ, ಈ ಮನೆಯ ಯಜಮಾನಿ ಇಂದಿರಾಬಾಯಿ ಬಾಗಿಲಿಗೆ ಬಂದರು. ನನಗಿಂತ ಒಂದೆರಡು ವರ್ಷ ಚಿಕ್ಕವರಿರಬೇಕು. ಗಂಡ ಆಚಾರ್ರು, ಶಾಲೆಯಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾಗಿ ಈಗ ಗಲ್ಲಿಯ ಹನುಮಪ್ಪನ ಗುಡಿಯ ಪೂಜೆ ಮಾಡುವವರು. ಬಾಯಾರು ಇಲ್ಲ ಅನ್ನಲು ಬಾಯಿ ತೆರೆದಿದ್ದರು. ಅಷ್ಟರಲ್ಲಿ ಕಣ್ಣು ನನ್ನ ಹೆಗಲ ಮೇಲೆ ಬಿತ್ತು.

"ಏನದು?"

"ಕಂಬಳಿರೀ."

"ಅಂಗಡೀದೋ, ಖರೇ ಉಣ್ಣೀದೋ?"

"ನಮ್ಮ ಕುರೀದು. ನೂತಾಕಿ ನಾ, ನೇಯ್ದಾಂವ ನನ್ನ ಗಂಡ. ಅಂಗಡಿ ಮಾರಿ ನೋಡಿಲ್ಲ ಅದು."

"ಕೆಳಗ ಇಡು, ನೋಡ್ತೀನಿ."

ಕೈಗೆ ಕೊಡಹೋದೆ, ಅವರು ಹಿಂದೆ ಸರಿದರು. ಕೆಳಗಿಟ್ಟೆ. ನಾನು ಎರಡು ಹೆಜ್ಜೆ ಹಿಂದೆ ಹೋದ ಮೇಲೆ ಬಗ್ಗಿ ಎತ್ತಿಕೊಂಡರು, ಕೂಸನ್ನು ಎತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ. ಒಳಗೆ ಹೋದರು. ಆಮೇಲೆ ನಾನು ಕೊಕ್ಕರೆಯಾದೆ.

ಹೊರಗೆ ಬಂದು ಹೇಳಿದರು: "ನಮ್ಮವರು ಹೂಂ ಅಂದ್ರು. ಮ್ಯಾಲಿನ ಖೋಲಿ ನಿಮಗ. ಆದ್ರ ನಮ್ಮ ಮನ್ಯಾಗ ಅದೂ ಇದೂ ಬೇಯಸಂಗಿಲ್ಲ."

"ಅದೂ ಇದೂ ಅಂದ್ರ ಏನ್ರಿ?" ಅಂದೆ.

ರೇಣುಕಾ ನನ್ನ ಸೊಂಟಕ್ಕೆ ತಿವಿದಳು. ಬಾಯಾರು ಅಂದರು, "ನಿನಗ ಗೊತ್ತದ."

ಕಂಬಳಿ ವಾಪಸ್ಸು ಕೆಳಗಿಟ್ಟರು. ಚೆಂದ ಇದೆಯಂತೆ, ಆದರೆ ಭಾಳ ಚುಚ್ಚುತ್ತದಂತೆ. ಹೀಗೆ ಈ ಊರಲ್ಲಿ ನಮಗೆ ಮನೆ ಸಿಕ್ಕಿದ್ದು ನನ್ನ ಮುಖ ನೋಡಿ ಅಲ್ಲ, ಮಗಳ ಸರ್ಕಾರಿ ನೌಕರಿ ನೋಡಿಯೂ ಅಲ್ಲ. ಮೆಟ್ಟಿಲು ಹತ್ತುವಾಗ ಮಗಳು ನನ್ನ ಕಿವಿಯಲ್ಲಿ ಹೇಳಿದಳು, "ಯವ್ವಾ, ನಿನ್ನ ಕಾಲು ಬೀಳ್ತೀನಿ, ಇವರ ಜೋಡಿ ಬಾಯಿ ಹಚ್ಚಬ್ಯಾಡ. ಇದು ಹೋದ್ರ ಮತ್ತ ಮನಿ ಹುಡುಕೂ ತ್ರಾಣ ನನಗಿಲ್ಲ."

ಉಣ್ಣೆಯ ಮಹಿಮೆ ಆಮೇಲೆ ತಿಳಿಯಿತು. ಬಾಯಾರ ಮನೆಯಲ್ಲಿ ಮಡಿ ಇದೆ. ಮಡಿ ಅಂದರೆ ಮುಂಜಾನೆ ಮಿಂದು, ಯಾರೂ ಮುಟ್ಟದ ಬಟ್ಟೆ ಉಟ್ಟು, ದೇವರ ಎಡೆ ಮುಗಿದು ಊಟವಾಗುವ ತನಕ ಹೊರಗಿನವರನ್ನು ಮುಟ್ಟದೆ ಇರುವುದು. ಹತ್ತಿಯ ಸೀರೆಗೆ ಯಾರಾದರೂ ಕೈ ತಾಗಿಸಿದರೆ ಮೈಲಿಗೆ. ಉಣ್ಣೆಗೆ ಮಾತ್ರ ಮೈಲಿಗೆ ಇಲ್ಲ. ಬಾಯಾರ ಅತ್ತೆ ಮಡಿಯಲ್ಲಿದ್ದಾಗ ಕೂಸು ಅತ್ತರೆ ಅದಕ್ಕೆ ಉಣ್ಣೆಯ ತುಂಡು ಸುತ್ತಿ ಎತ್ತಿಕೊಳ್ಳುತ್ತಿದ್ದರಂತೆ. ನಡುವೆ ಉಣ್ಣೆ ಇದ್ದರೆ ಮುಟ್ಟಿದ ಹಾಗಲ್ಲ.

"ಕುರೀಗೆ ಮೈಲಿಗಿ ಇಲ್ಲ, ಕುರಿ ಕಾಯಾಕಿಗೆ ಐತೇನ್ರಿ?" ಅಂತ ಕೇಳಿದೆ.

"ನಾ ಬರದ ಕಾಯ್ದೆ ಅಲ್ಲ ಮಾಳವ್ವಾ."

"ಬರದಾಂವ ಕುರಿ ಕಾಯ್ದಿಲ್ಲ ಬಿಡ್ರಿ. ಕುರಿ ಬೆನ್ನಮ್ಯಾಲ ಏನೇನ ಇರತೈತಿ ಅಂತ ಗೊತ್ತಿದ್ರ ಬರೀತಿರಲಿಲ್ಲ."

ಬಾಯಾರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನಮ್ಮ ಸ್ನೇಹ ಅಲ್ಲಿಂದ ಶುರುವಾಯಿತು ಅನ್ನಬೇಕು.

ಜಾಲಹಳ್ಳಿ ಸ್ವರ್ಗ, ರಾಯಚೂರು ನರಕ ಅಂತ ಬರೆಯಲು ನಾನು ಕೂತಿಲ್ಲ. ಜಾಲಹಳ್ಳಿಯಲ್ಲಿ ಚೇಳಿದ್ದವು, ನೀರಿಗೆ ಜಗಳವಿತ್ತು, ನನ್ನ ಗಂಡನ ಸಿಟ್ಟಿತ್ತು. ಇಲ್ಲಿ ಚೇಳಿಲ್ಲ, ಗಂಡನೂ ಇಲ್ಲ. ನೀರು ಮಾತ್ರ ಇಲ್ಲಿಯೂ ತನ್ನ ಮನಸ್ಸು ಬಂದಾಗ ಬರುತ್ತದೆ. ಆದರೆ ಒಂದು ಸಂಗತಿ ನನಗೆ ವರ್ಷವಾದರೂ ರೂಢಿಯಾಗಲಿಲ್ಲ. ನಮ್ಮಲ್ಲಿ ಬಾಗಿಲು ಮುಚ್ಚುವುದು ಯಾರಾದರೂ ಸತ್ತಾಗ, ಇಲ್ಲ ಗಂಡ ಹೆಂಡತಿ ಜಗಳವಾಡುವಾಗ. ಇಲ್ಲಿ ಮಧ್ಯಾಹ್ನವಾದರೆ ಇಡೀ ಗಲ್ಲಿ ಬಾಗಿಲು ಹಾಕುತ್ತದೆ. ಕಿಟಕಿಗೆ ಒದ್ದೆ ಚಾದರ ಕಟ್ಟುತ್ತಾರೆ. ಕೂಲರಿನ ಗೊರಗೊರ ಬಿಟ್ಟರೆ ಊರಿಗೆ ಉಸಿರೇ ಇಲ್ಲ.

ಆ ಹೊತ್ತಿನಲ್ಲಿ ನನಗೆ ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಒಂದು ಜೊಂಪು ಹತ್ತುತ್ತದೆ. ಮಾಳಿಗೆಯ ಖೋಲಿಯ ಕಿಟಕಿಯಿಂದ ಕೋಟೆಯ ಗುಡ್ಡ ಕಾಣುತ್ತದೆ. ಝಳಕ್ಕೆ ಆ ಬಂಡೆಗಳು ಅಲುಗಾಡುತ್ತವೆ, ಒಂದೊಂದಾಗಿ ಎದ್ದು ಮೈ ಕೊಡವುತ್ತವೆ. ಕುರಿಗಳೇ. ಗುಡ್ಡ ಇಳಿದು, ತಲಾಬು ಅನ್ನುವ ಕೆರೆಯ ದಂಡೆಗೆ ಬಂದು, ಒಂದರ ಬಾಲಕ್ಕೆ ಇನ್ನೊಂದು ಮೂಗು ಹಚ್ಚಿ ನಮ್ಮ ಗಲ್ಲಿಗೆ ತಿರುಗುತ್ತವೆ. ಗೊರಸಿನ ಸದ್ದು ಕೂಲರಿನ ಸದ್ದಿನೊಳಗೆ ಕೂಡುತ್ತದೆ. ಮೆಟ್ಟಿಲು ಹತ್ತುತ್ತವೆ. ಬಾಗಿಲು ಹಾಕಿದೆ, ಆದರೂ ಒಳಗೆ ಬರುತ್ತವೆ, ಮಂಚದ ಸುತ್ತ ಮಲಗುತ್ತವೆ. ಖೋಲಿ ತುಂಬ ಕುರಿಯ ಬಿಸಿ ಉಸಿರು. ನಾನು ಎಣಿಸುವುದಿಲ್ಲ. ಎಣಿಸಿದರೆ ಕಮ್ಮಿ ಇರುತ್ತವೆ ಅಂತ ಗೊತ್ತು.

ಅಂಥ ಒಂದು ಮಧ್ಯಾಹ್ನ ರೇಣುಕಾ ಪಾಳಿ ಮುಗಿಸಿ ಬಂದು ನನ್ನನ್ನು ಅಲುಗಿಸಿದಳು.

"ಯವ್ವಾ, ನಿದ್ದ್ಯಾಗ ನೂಲಾಕತ್ತೀಯಲ್ಲ!"

ನೋಡಿಕೊಂಡೆ. ಬಲಗೈ ಹೆಬ್ಬೆರಳು ತೋರುಬೆರಳ ಮೇಲೆ ಉಜ್ಜುತ್ತಿತ್ತು. ಇಲ್ಲದ ಎಳೆಗೆ ಹುರಿ ಹಾಕುತ್ತಿತ್ತು.

ಮಗಳಿಗೆ ಏನನ್ನಿಸಿತೋ, ಕೆಳಗೆ ಹೋಗಿ ಬಾಯಾರಿಗೆ ಹೇಳಿದಳು: ನಮ್ಮವ್ವಗ ಕೈಗೆ ಏನರ ಕೆಲಸ ಕೊಡ್ರಿ, ಇಲ್ಲಂದ್ರ ಹುಚ್ಚು ಹಿಡೀತೈತಿ. ಬಾಯಾರಿಗೆ ಎರಡು ಕಡ್ಡಿಯ ಹೆಣಿಗೆ ಬರುತ್ತಿತ್ತು. ಮಾನ್ವಿಯಲ್ಲಿ ಹುಡುಗಿಯಾಗಿದ್ದಾಗ ಶಾಲೆಯಲ್ಲಿ ಕಲಿತದ್ದು. ಗಲ್ಲಿಯಲ್ಲಿ ಯಾರ ಮನೆಯಲ್ಲಿ ಹಡೆದರೂ ಇವರದೊಂದು ಕುಲಾಯಿ ಹೋಗುತ್ತದೆ. ಕುಲಾಯಿ ಅಂದರೆ ಕೂಸಿನ ಟೊಪ್ಪಿಗೆ. ನಾವು ದೊಡ್ಡವರು ಬೆವರಿ ಸಾಯುವ ಊರಲ್ಲಿ ಎಳೆಗೂಸಿಗೆ ಕಿವಿ ಮುಚ್ಚುವ ಟೊಪ್ಪಿಗೆ! ಇದು ಮಾತ್ರ ಜಾಲಹಳ್ಳಿಯಲ್ಲೂ ಹಾಗೇ, ಇಲ್ಲೂ ಹಾಗೇ. ಕೂಸು ಹಡೆದವರ ತಲೆ ಎಲ್ಲ ಊರಲ್ಲೂ ಒಂದೇ ನಮೂನೆ ಕೆಡುತ್ತದೆ.

ಮರುದಿನ ಬಾಯಾರು ಹೊಸ್ತಿಲ ಒಳಗೆ ಮಣೆ ಹಾಕಿಕೊಂಡು ಕೂತರು. ನಾನು ಹೊಸ್ತಿಲ ಹೊರಗೆ ಮೆಟ್ಟಿಲ ಮೇಲೆ. ಕಡ್ಡಿ ಕೆಳಗಿಟ್ಟರು, ಎತ್ತಿಕೊಂಡೆ.

"ಸೀದಾ ಒಂದು ಸಾಲು. ಮುಂದಿಂದ ಕಡ್ಡಿ ಹಾಕು, ದಾರ ಸುತ್ತು, ಎಳಕೋ. ಹಂಗಲ್ಲ! ಎಮ್ಮಿ ಹಗ್ಗ ಬಿಗೀಲಿಕತ್ತೀಯೇನು?"

"ಕೈಗೆ ಹಗ್ಗ ಗೊತ್ತೈತ್ರಿ, ಇದು ಗೊತ್ತಿಲ್ಲ."

"ಈಗ ಉಲ್ಟಾ ಸಾಲು. ಹಿಂದಿಂದ."

"ಸೀದಾ ಬಂದಮ್ಯಾಗ ಉಲ್ಟಾ ಯಾಕ್ರಿ?"

"ಬರೇ ಸೀದಾ ಹೋದ್ರ ಹೆಣಿಗಿ ಬ್ಯಾರೆ ಆಗ್ತದ. ನಾ ಹೇಳಿದ್ದು ಮಾಡು."

ಪೇಟೆಯವರಿಗೆ ಒಂದು ಮಾತು ಹೇಳಬೇಕು. ನಮ್ಮಲ್ಲಿ ಹೆಂಗಸು ಉಣ್ಣೆ ಹಿಂಜುತ್ತಾಳೆ, ನೂಲುತ್ತಾಳೆ, ಹುಣಸೆ ಬೀಜ ಅರೆದು ನೂಲಿಗೆ ಹಚ್ಚುವ ಗಂಜಿ ಕಾಸುತ್ತಾಳೆ. ಮಗ್ಗದ ಕುಣಿಗೆ ಇಳಿಯುವವನು ಮಾತ್ರ ಗಂಡಸು. ಜನ್ಮವೆಲ್ಲ ನೂತೆ, ಒಂದು ಬಟ್ಟೆಯೂ ನನ್ನ ಕೈಯಲ್ಲಿ ಮುಗಿಯಲಿಲ್ಲ. ನಾನು ನೂತದ್ದು ಅವನು ನೇಯ್ದ ಕಂಬಳಿಯಾಗಿ ಸಂತೆಗೆ ಹೋಗುತ್ತಿತ್ತು. ಇಲ್ಲಿ ಮೊದಲ ಕುಲಾಯಿಯ ಕೊನೆಯ ಕುಣಿಕೆ ಎಳೆದು ಗಂಟು ಹಾಕಿದಾಗ ಅದನ್ನು ಮೊಣಕಾಲಿಗೆ ತೊಡಿಸಿ ಬಹಳ ಹೊತ್ತು ನೋಡಿದೆ. ಒಂದು ಕಿವಿ ದೊಡ್ಡದು, ಒಂದು ಸಣ್ಣದು. ಯಾವ ಕೂಸಿಗೂ ಹೊಂದದು. ಆದರೂ ಮೊದಲಿಂದ ಕೊನೆತನಕ ನನ್ನದೇ. ಮಗ್ಗ ಬೇಡ, ಕುಣಿ ಬೇಡ, ಗಂಡಸು ಬೇಡ.

ಹೆಣಿಗೆಯ ದಾರ ಪೇಟೆಯಿಂದ ಬಾಯಾರೇ ತರಿಸುತ್ತಿದ್ದರು. ಇಲ್ಲಿ ಅದಕ್ಕೆ ಉಲನ್ ಅನ್ನುತ್ತಾರೆ. ಗಿಣಿ ಹಸಿರು, ಅರಿಶಿನ, ಕುಂಕುಮ, ಯಾವ ಕುರಿಯೂ ಉಡದ ಬಣ್ಣಗಳು. ಮುಟ್ಟಿದ ದಿನವೇ ನನಗೆ ಗೊತ್ತಾಯಿತು, ಇದು ಕುರಿಯ ಮೈಯಿಂದ ಬಂದದ್ದಲ್ಲ. ಜಿಡ್ಡಿಲ್ಲ, ವಾಸನೆಯಿಲ್ಲ, ಬೆರಳ ನಡುವೆ ತಿಕ್ಕಿದರೆ ಕಿರ್ ಅನ್ನುತ್ತದೆ. ಪ್ಲಾಸ್ಟಿಕ್. ಇರಲಿ ಬಿಡು, ಪೇಟೆಯಲ್ಲಿ ಎಲ್ಲ ಪ್ಲಾಸ್ಟಿಕ್, ಇದೂ ಹಾಗೇ ಅಂದುಕೊಂಡೆ. ಬಾಯಾರಿಗೆ ಇದು ಗೊತ್ತಿರಲಿಕ್ಕಿಲ್ಲ ಎಂಬುದು ನನ್ನ ತಲೆಗೇ ಹೋಗಲಿಲ್ಲ. ಎಮ್ಮೆ ನೋಡಿ ಇದು ಎಮ್ಮೆ ಅಂತ ಯಾರಾದರೂ ಹೇಳಿಕೊಡುತ್ತಾರೆಯೇ?

ಹೀಗೆ ದಿನ ಹೋದವು. ಬಾಯಾರು ಮಡಿಯಲ್ಲಿದ್ದಾಗಲೇ, ಒಳಗೆ ಒಲೆಯ ಮೇಲೆ ಬೇಳೆ ಕುದಿಯುವಾಗ, ಹೊಸ್ತಿಲಿಗೆ ಬಂದು ಕೂರುವುದು ರೂಢಿಯಾಯಿತು. ದಾರದ ಲಡಿಯನ್ನು ತಮ್ಮ ಎರಡು ಕೈಗೆ ಏರಿಸಿಕೊಂಡು ಚಾಚುತ್ತಿದ್ದರು, ನಾನು ಹೊರಗಿನಿಂದ ಎಳೆದು ಉಂಡೆ ಸುತ್ತುತ್ತಿದ್ದೆ. ದಾರ ಹೊಸ್ತಿಲು ದಾಟಿ ಬರುತ್ತಿತ್ತು. ಅವರ ಕೈ ಆ ಕಡೆ ಈ ಕಡೆ ತೂಗುತ್ತಿದ್ದವು, ತೊಟ್ಟಿಲು ತೂಗಿದ ಹಾಗೆ. ಬಿಸಿಲು ಏರುತ್ತಿತ್ತು. ಒಮ್ಮೊಮ್ಮೆ ಇಬ್ಬರಿಗೂ ಕಣ್ಣು ಎಳೆದು, ದಾರ ನಡುವೆ ಸಡಿಲಾಗಿ ಹೊಸ್ತಿಲ ರಂಗೋಲಿಯ ಮೇಲೆ ಮಲಗುತ್ತಿತ್ತು. ನಾನು ಒಂದು ಕುಣಿಕೆ ಬಿಟ್ಟರೆ ನನ್ನ ಕಡ್ಡಿಯಲ್ಲಿದ್ದ ಹೆಣಿಗೆಯ ತುದಿಯನ್ನೇ ಹಿಡಿದೆಳೆದು ತಿದ್ದುತ್ತಿದ್ದರು. ನಡುವೆ ಉಣ್ಣೆ ಇತ್ತಲ್ಲ, ಅವರ ಲೆಕ್ಕದಲ್ಲಿ.

ರೇಣುಕಾ ಇದನ್ನು ನೋಡಿ, "ಕರೆಂಟಿನ ಕಂಬ ಹತ್ತಾವರು ಕೈಗೆ ರಬ್ಬರ್ ಹಾಕ್ಕೋತಾರಲ್ಲ, ಹಂಗ ಐತಿ ಇದು" ಅಂದಳು.

"ನಾ ಅಷ್ಟ್ ಜೋರ್ ಕರೆಂಟೇನಬೇ?" ಅಂದೆ.

ಕೈ ಹೆಣೆಯುವಾಗ ಬಾಯಿ ರಾಜಕೀಯ ಆಡುತ್ತದೆ. ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದ್ದು ಬಾಯಾರಿಗೆ ಸೇರುವುದಿಲ್ಲ. "ದೇಶ ಹಾಳಾಗ್ತದ, ಎಲ್ಲಾ ಪುಕ್ಕಟ ಕೊಟ್ರ" ಅನ್ನುತ್ತಾರೆ. ಅಣ್ಣನ ಮನೆಗೆ ಮಾನ್ವಿಗೆ ಹೋಗುವುದು ಅದೇ ಬಸ್ಸಿನಲ್ಲಿ. ಕೇಳಿದರೆ, "ನಾನೊಬ್ಬಾಕಿ ರೊಕ್ಕ ಕೊಟ್ರ ದೇಶ ಉದ್ಧಾರ ಆಗ್ತದೇನು?" ರೇಣುಕಾಳ ದುಃಖವೇ ಬೇರೆ. ಗಂಡಸರು ಸೀಟು ಸಿಗದೆ ಸಿಟ್ಟಾಗಿ ಅವಳನ್ನು ಬೈಯುತ್ತಾರೆ. ನಾನು ಒಮ್ಮೆ ಅವಳ ಬಸ್ಸಿನಲ್ಲಿದ್ದಾಗ ಒಬ್ಬ, "ಮುದುಕೇರೆಲ್ಲಾ ಊರ ತಿರುಗಾಕ ಹೊಂಟಾರ" ಅಂದ. "ನಿಮ್ಮವ್ವ ಎಲ್ಲೀತನಕ ತಿರುಗ್ಯಾಳಪ್ಪಾ ಇಷ್ಟು ದಿನ? ಹಿತ್ತಲತನಕ. ಈಗರ ಬಿಡು" ಅಂದೆ. ಬಸ್ಸೆಲ್ಲ ನಕ್ಕಿತು. ಪುಕ್ಕಟೆ ಬಸ್ಸು ಸರಿಯೋ ತಪ್ಪೋ ದೊಡ್ಡವರು ಹೇಳಲಿ. ನನ್ನ ಮಾತು ಇಷ್ಟು: ರೊಕ್ಕಕ್ಕೆ ಯಾರ ಕೈಯನ್ನೂ ಕಾಯದೆ ಹೊರಡುವ ಹೆಂಗಸು ಬೇರೆ ಹೆಂಗಸು.

ನಮ್ಮ ಜನರ ಸಭೆಗಳದ್ದೂ ಹೇಳಿಬಿಡುತ್ತೇನೆ. ವೇದಿಕೆ ಹತ್ತಿದ ಕೂಡಲೇ ಯಾವ ಪಕ್ಷದವನಾದರೂ ಹೆಗಲಿಗೆ ಕಂಬಳಿ ಹಾಕಿಸಿಕೊಳ್ಳುತ್ತಾನೆ, ಕುರಿಮರಿ ಎತ್ತಿಕೊಂಡು ಫೋಟೋ ಹೊಡೆಸಿಕೊಳ್ಳುತ್ತಾನೆ. ಒಮ್ಮೆ ಹತ್ತಿರ ಹೋಗಿ ಆ ಕಂಬಳಿ ಮುಟ್ಟಿ ನೋಡಿದೆ. ಮಿಲ್ಲಿನದು. ಉಣ್ಣೆ ಮೂಸಿ ನೋಡಿದ ದೊಡ್ಡವರನ್ನು ನಾನು ಕಂಡದ್ದು ಈ ಗಲ್ಲಿಯಲ್ಲಿ ಮಾತ್ರ, ಅದೂ ಬಾಗಿಲೊಳಗೆ. ಓಟು ಯಾರಿಗೆ ಹಾಕುತ್ತೀ ಅಂತ ಬಾಯಾರು ಕೇಳಿದರು. ನೀವು ಹಾಕದವರಿಗೆ ಅಂದೆ. ಹಾಗಾದರೆ ಇಬ್ಬರೂ ಮನೆಯಲ್ಲೇ ಇದ್ದರೂ ಲೆಕ್ಕ ಒಂದೇ ಅಂದರು. ಆದರೂ ಇಬ್ಬರೂ ಹೋದೆವು, ಒಂದೇ ಸಾಲಿನಲ್ಲಿ ನಿಂತೆವು. ನಡುವೆ ಉಣ್ಣೆ ಇರಲಿಲ್ಲ. ಅಲ್ಲಿ ಮಡಿ ನಡೆಯುವುದಿಲ್ಲ.

ಆಮೇಲೆ ಬಾಯಾರಿಗೆ ಒಂದು ಆಸೆ ಹುಟ್ಟಿತು. ಆಚಾರ್ರು ಜಪಕ್ಕೆ ಕೂರುವ ಆಸನ ಹರಿದಿತ್ತು. ಉಣ್ಣೆಯದು ಶ್ರೇಷ್ಠ. ಕುಂಕುಮ ಬಣ್ಣದ ಉಲನ್ ತರಿಸಿದರು, ಇಬ್ಬರೂ ಕೂಡಿ ಹೆಣೆದೆವು. ಒಂದು ಪಟ್ಟಿ ಅವರು, ಒಂದು ಪಟ್ಟಿ ನಾನು, ನಡುವೆ ಜೋಡಿಸಿದೆವು. ನನ್ನ ಪಟ್ಟಿ ಬಿಗಿ, ಅವರದು ಸಡಿಲು. ಆದರೂ ಚೆಂದ ಕಂಡಿತು. ಆಸನ ದೇವರ ಮನೆಗೆ ಹೋಯಿತು. ಆ ಖೋಲಿಯನ್ನು ನಾನು ನೋಡಿಲ್ಲ.

ಶ್ರಾವಣದ ಒಂದು ಮುಂಜಾನೆ ಆಚಾರ್ರು ಧೂಪದ ಬಟ್ಟಲು ಸರಿಸುವಾಗ ಒಂದು ಕೆಂಡ ಆಸನದ ಮೇಲೆ ಬಿತ್ತು. ಉಣ್ಣೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬಂದು, ಬೂದಿಯಾಗಿ ಅಲ್ಲೇ ಆರುತ್ತಿತ್ತು. ಇದು ಕರಗಿತು. ಬೆಲ್ಲದ ಪಾಕದ ಹಾಗೆ ಹರಿದು ಕಲ್ಲಿಗೆ ಅಂಟಿತು. ಬಾಯಾರು ಮೂಲೆ ಸುಟ್ಟ ಆಸನ ಹಿಡಿದು ಹೊಸ್ತಿಲಿಗೆ ಬಂದರು. ಮುಖ ಸುಣ್ಣದ ಗೋಡೆ.

"ಮಾಳವ್ವಾ, ಏನ ಇದು?"

"ಪ್ಲಾಸ್ಟಿಕ್ ಅಲ್ಲೇನ್ರಿ."

"ಉಲನ್ ಅಂತ ತರಿಸೀನಿ ನಾ!"

"ಹೆಸರು ಅಂಗಡಿಯವರು ಇಟ್ಟದ್ದು. ಕುರಿ ಇಟ್ಟದ್ದಲ್ಲ."

"ನಿನಗ ಗೊತ್ತಿತ್ತು?"

"ಮುಟ್ಟಿದ ದಿನಾನ ಗೊತ್ತಿತ್ತ್ರಿ. ನಿಮಗೂ ಗೊತ್ತೈತಿ ಅಂತ ತಿಳದಿದ್ದೆ."

ಅವರ ಕಣ್ಣು ಹೊಸ್ತಿಲ ಮೇಲೆ ಓಡಾಡಿತು. ಲಡಿ ಸುತ್ತಿದ ದಿನಗಳು, ತುದಿ ಹಿಡಿದು ತಿದ್ದಿದ ದಿನಗಳು, ಆ ಕೈಯಲ್ಲೇ ಹೋಗಿ ಸೌಟು ಹಿಡಿದು ದೇವರಿಗೆ ಬಡಿಸಿದ ದಿನಗಳು, ಎಲ್ಲ ಒಂದೊಂದಾಗಿ ಬಿಚ್ಚಿಕೊಳ್ಳುತ್ತಿರುವುದು ನನಗೂ ಕಂಡಿತು. ಒಂದು ಕುಣಿಕೆ ಜಾರಿದರೆ ಸಾಲೆಲ್ಲ ಬಿಚ್ಚುತ್ತದಲ್ಲ, ಹಾಗೆ. ಬಾಗಿಲು ಹಾಕಿಕೊಂಡರು. ಮುಂಜಾನೆಯ ಹೊತ್ತು ಆ ಬಾಗಿಲು ಹಾಕಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ರೇಣುಕಾ ಸಂಜೆ ಬಂದು ಕೇಳಿ ತಲೆಗೆ ಕೈ ಹಚ್ಚಿದಳು.

"ಪ್ಲಾಸ್ಟಿಕ್ ಅನ್ನೂದರ ಯಾಕ ಬೇಕಿತ್ತಬೇ? ಗೊತ್ತಿಲ್ಲ ಅಂದಿದ್ರ ಆಗ್ತಿತ್ತು."

"ಕುರುಬರಾಕಿ ಉಣ್ಣಿ ಗೊತ್ತಿಲ್ಲ ಅಂತ ಹೆಂಗ ಅನ್ಲೇ?"

"ಹಂಗಾದ್ರ ಗಂಟು ಕಟ್ಟು. ನಾಳೀನ ಬಿಡ್ರಿ ಅಂತಾರ."

ನಾಳೆ ಬಿಡಿ ಅನ್ನಲಿಲ್ಲ. ಏನೂ ಅನ್ನಲಿಲ್ಲ. ಅದೇ ಕಷ್ಟವಾಯಿತು. ನಾನು ಮೆಟ್ಟಿಲಲ್ಲಿ ಕೂತರೆ ಒಳಗಿನ ಸದ್ದು ನಿಲ್ಲುತ್ತಿತ್ತು. ಒಂದು ದಿನ ರೇಣುಕಾ ಬಂದು ಹೇಳಿದಳು, ಬಾಯಾರು ಅವಳ ಬಸ್ಸಿನಲ್ಲೇ ಮಾನ್ವಿಗೆ ಹೋದರಂತೆ. ಪಕ್ಕದಲ್ಲಿ ಮೀನಿನ ಬುಟ್ಟಿಯವಳು ಕೂತಿದ್ದರೂ ತುಟಿ ಬಿಚ್ಚಲಿಲ್ಲವಂತೆ. ಚೀಟಿ ಕೊಟ್ಟರೆ ಮುಖ ನೋಡದೆ ತಗೊಂಡರಂತೆ. ಅವರ ಅಣ್ಣ ಶಾಸ್ತ್ರ ಬಲ್ಲವರು. ಪ್ರಾಯಶ್ಚಿತ್ತ ಕೇಳಲು ಹೋಗಿದ್ದಾರೆ ಅಂತ ತಿಳಿಯಿತು.

ನಾನು ಕೂತು ಯೋಚಿಸಿದೆ. ಈ ಮನೆ ಕೊಡಿಸಿದ್ದು ಉಣ್ಣೆ. ಉಳಿಸಿದರೂ ಉಣ್ಣೆಯೇ ಉಳಿಸಬೇಕು. ಮರುದಿನ ಮುಂಜಾನೆ ಗಬ್ಬೂರಿನ ಮೇಲೆ ಹೋಗುವ ಬಸ್ಸು ಹತ್ತಿ ದೇವದುರ್ಗಕ್ಕೆ, ಅಲ್ಲಿಂದ ಜಾಲಹಳ್ಳಿಗೆ ಹೋದೆ.

ತಮ್ಮನ ಹೆಂಡತಿ ಹುಲಿಗೆವ್ವ ನನ್ನನ್ನು ಕಂಡು ಒಳಗೆ ಓಡಿ ಕುರ್ಚಿ ತಂದಳು. ನಾನು ಹುಟ್ಟಿದ ಮನೆಯಲ್ಲಿ ನನಗೆ ಕುರ್ಚಿ! ಒಲೆಯ ಬದಿಯ ಗೋಡೆಗೆ ನಾನು ಒರಗಿ ಒರಗಿ ಆದ ಎಣ್ಣೆಯ ಕಲೆ ಅಲ್ಲೇ ಇತ್ತು. ಅಲ್ಲಿ ಕೂರಲು ಹೋದೆ.

"ಅಯ್ಯ, ಕೆಳಗ ಬ್ಯಾಡಕ್ಕಾ. ರಾಯಚೂರಾಕಿ ನೀ, ಸೀರಿ ಹೊಲಸಾಗತೈತಿ."

ಚಹಾ ಕಪ್ಪು-ಬಶಿಯಲ್ಲಿ ಬಂತು. ಉಣ್ಣೆ ಬೇಕು ಅಂದರೆ ಹುಲಿಗೆವ್ವ ನಕ್ಕಳು. "ಉಣ್ಣಿ ಯಾರು ಕೇಳ್ತಾರಕ್ಕಾ ಈಗ? ಕುರಿ ಕತ್ತರಿಸಿ ಉಣ್ಣಿ ಬೇಲಿ ಬುಡಕ ಒಗೀತೀವಿ. ನಾಯಿ ಮಲಗತಾವ ಅದರ ಮ್ಯಾಲ. ಎಷ್ಟ್ ಬೇಕು ತುಂಬಕೋ."

ಬೇಲಿಯ ಬುಡದಲ್ಲಿ ಕರಿ ಉಣ್ಣೆ ಮಳೆಗೆ ನೆನೆದು, ಬಿಸಿಲಿಗೆ ಒಣಗಿ, ಮುಳ್ಳು ಕಚ್ಚಿಕೊಂಡು ಬಿದ್ದಿತ್ತು. ರಾಯಚೂರಿನ ಗಲ್ಲಿಯಲ್ಲಿ ದೇವರ ಪಕ್ಕ ಕೂರುವ ವಸ್ತುವಿನ ಮೇಲೆ ಇಲ್ಲಿ ನಾಯಿ ಮಲಗಿ ಎದ್ದು ಹೋಗಿತ್ತು. ಅದಕ್ಕೂ ಮೈಲಿಗೆ ಇಲ್ಲವಲ್ಲ ಅಂತ ನೆನೆದು ನಗು ಬಂತು. ಆದರೂ ನಾಯಿ ಮಲಗಿದ್ದನ್ನು ಬಿಟ್ಟು, ಅಂದೇ ಕತ್ತರಿಸಿದ ಕುರಿಯದನ್ನೇ ಆರಿಸಿದೆ. ತೊಳೆದು ಒಣಗಿಸಿ, ಮರುದಿನ ಹಿಂಜಿ, ಮನೆಯ ಮೂಲೆಯಲ್ಲಿ ಬಿದ್ದಿದ್ದ ಕದರು ಹುಡುಕಿ ನೂಲಲು ಕೂತೆ. ಎಳೆ ಹರಿಯಿತು. ಮತ್ತೆ ಕೂಡಿಸಿದೆ, ಮತ್ತೆ ಹರಿಯಿತು. ನನ್ನ ಕೈಯಲ್ಲಿ ನೂಲು ಹರಿಯುವುದು! ಸ್ವಲ್ಪ ಹೊತ್ತಿನ ಮೇಲೆ ಬೆರಳಿಗೆ ನೆನಪಾಯಿತು.

ಮಧ್ಯಾಹ್ನ ಬೇವಿನ ಕೆಳಗೆ ಅಡ್ಡಾದೆ. ಗಾಳಿ ಇತ್ತು, ನಿಜವಾದ ಕುರಿಗಳು ಸುತ್ತ ಮೆಲುಕು ಹಾಕುತ್ತಿದ್ದವು, ಬಾಗಿಲೆಲ್ಲ ತೆರೆದಿದ್ದವು. ರಾಯಚೂರಿನಲ್ಲಿ ಕಣ್ಣು ಮುಚ್ಚಿದರೆ ಬರುತ್ತಿದ್ದದ್ದು ಇದೇ. ಇಲ್ಲಿ ಕಣ್ಣು ಮುಚ್ಚಿದರೆ ಏನು ಬಂತು ಗೊತ್ತೇ? ಕೂಲರಿನ ಗೊರಗೊರ. ಒದ್ದೆ ಚಾದರದ ವಾಸನೆ. ಕಿಟಕಿಯಲ್ಲಿ ಅಲುಗಾಡುವ ಗುಡ್ಡ. ಹುಲಿಗೆವ್ವ ಬಂದು ಎಬ್ಬಿಸಿದಳು.

"ಅಕ್ಕಾ, ನಿದ್ದ್ಯಾಗ ಎರಡೂ ಕೈ ಎತ್ತಿ ಏನ ಮಾಡಾಕತ್ತಿದ್ದಿ? ಗಾಳ್ಯಾಗ ತಿವೀತಿದ್ದಿ."

ಹೆಣೆಯುತ್ತಿದ್ದೆ. ಸೀದಾ, ಉಲ್ಟಾ.

ತಮ್ಮ ಇಲ್ಲೇ ಇರು ಅಂದ. ಅವನು ಬಾಯಿಮಾತಿಗೆ ಅನ್ನಲಿಲ್ಲ, ನಿಜವಾಗಿ ಅಂದ. ಹೂಂ ಅನ್ನುವುದು ನಾಲಿಗೆ ತುದಿಗೆ ಬಂತು. ಆದರೆ ಆ ಕುರ್ಚಿ ಇನ್ನೂ ಅಂಗಳದಲ್ಲೇ ಇತ್ತು, ನನಗಾಗಿ. ನೂಲಿನ ಉಂಡೆಗಳನ್ನು ಗಂಟು ಕಟ್ಟಿಕೊಂಡು ಬಸ್ಸು ಹತ್ತಿದೆ.

ಆಸನ ಹೆಣೆದು ಮುಗಿಸುವ ಹೊತ್ತಿಗೆ ಬಾಯಾರು ಮಾನ್ವಿಯಿಂದ ಬಂದಿದ್ದರು. ಮುಂಜಾನೆ ಮೆಟ್ಟಿಲಿಳಿದು, ಕರಿ ಆಸನವನ್ನು ಹೊಸ್ತಿಲ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ನಿಂತೆ. ರೇಣುಕಾ ಮಾಳಿಗೆಯಿಂದ ಇಣುಕುತ್ತಿದ್ದಳು. ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಒದ್ದೆ ಕೂದಲು, ಮಡಿ ಸೀರೆ.

"ಖರೇ ಉಣ್ಣಿ?"

"ಮೂಸಿ ನೋಡ್ರಿ."

ಮೂಸಿದರು. ಸೀನಿದರು. "ಹೂಂ. ಕುರೀನ ಅದ."

"ಚುಚ್ಚತೈತ್ರಿ."

"ಚುಚ್ಚಲಿ. ಜಪಕ್ಕ ಕೂತಲ್ಲೇ ತೂಕಡಿಸ್ತಾರ, ಎಚ್ಚರರ ಇರ್ತಾರ."

"ಮತ್ತ ಖೋಲಿರೀ? ಬಿಡಬೇಕೇನು?"

"ಬಿಡ್ರಿ ಅಂತ ಯಾರಂದ್ರು ನಿಮಗ?" ಅಂದು ಆಸನ ಎತ್ತಿಕೊಂಡು ಒಳಗೆ ಹೋದರು. ಬಾಗಿಲು ಅರ್ಧ ಮುಚ್ಚಿತು. ಮಾಳಿಗೆಯಿಂದ ರೇಣುಕಾ ಬಿಟ್ಟ ಉಸಿರು ನನಗೆ ಅಂಗಳದಲ್ಲಿ ಕೇಳಿತು. ನಾನು ಮಾತ್ರ ಮೊದಲ ದಿನದ ಹಾಗೆಯೇ ನಿಂತಿದ್ದೆ. ಉಣ್ಣೆ ಒಳಗೆ, ನಾನು ಹೊರಗೆ. ಮನೆ ಉಳಿಯಿತು, ಇನ್ನೇನು ಬೇಕು ಮುದುಕಿ ನಿನಗೆ ಅಂತ ನನ್ನನ್ನೇ ಬೈದುಕೊಂಡು ಮೇಲೆ ಹತ್ತಿದೆ.

ಮಧ್ಯಾಹ್ನ ಗಲ್ಲಿಯೆಲ್ಲ ಬಾಗಿಲು ಹಾಕಿದ ಮೇಲೆ ಕೆಳಗೆ ಚಿಲಕ ತೆಗೆದ ಸದ್ದಾಯಿತು. ಇಣುಕಿದೆ. ಬಾಯಾರು ಹೊರಗೆ ಬಂದು ನಾನು ಕೂರುವ ಮೆಟ್ಟಿಲ ಮೇಲೆ ಕೂತಿದ್ದರು. ಹೊಸ್ತಿಲ ಹೊರಗೆ. ತೊಡೆಯ ಮೇಲೆ ಆ ಮೂಲೆ ಕರಗಿದ ಕೆಂಪು ಆಸನ. ಇಳಿದುಹೋಗಿ ಪಕ್ಕದಲ್ಲಿ ಕೂತೆ.

"ಅಣ್ಣನ್ನ ಕೇಳಿದೆ," ಅಂದರು.

"ಅವರು ಏನಂದ್ರು?"

"ಪ್ಲಾಸ್ಟಿಕ್ಕಿಗೆ ಶಾಸ್ತ್ರ ಇಲ್ಲಂತ. ಬರಿಯೋ ಕಾಲಕ್ಕ ಅದು ಇರಲಿಲ್ಲ, ನಾ ಏನು ಹೇಳ್ಲಿ ಅಂದ. ಒಂದು ಉಪವಾಸ ಮಾಡು ಅಂದ, ಮಾಡಿದೆ."

"ಅಂದ್ರ ಈಗ ಹೆಂಗ್ರಿ?"

"ಹೆಂಗಂದ್ರ, ಮುಂಜಾನಿ ಉಣ್ಣಿ. ಅದರಾಗ ನೀ ಇಲ್ಲ. ಊಟ ಆದಮ್ಯಾಲ ನನಗ ಮಡಿ ಇಲ್ಲ. ಆಮ್ಯಾಲ ಪ್ಲಾಸ್ಟಿಕ್. ಇದನ್ನ ಬಿಚ್ಚೋಣ, ಒಂದು ನಾಕು ಕುಲಾಯಿ ಆಗ್ತಾವ. ಹಿಡಿ."

ಅಂದವರೇ ಆಸನದ ತುದಿಯನ್ನು ನನ್ನ ಮುಂದೆ ಕಲ್ಲಿನ ಮೇಲಿಟ್ಟು ಕೈ ಹಿಂದೆ ತಗೊಂಡರು. ನಾನೂ ಅವರ ಕೈ ದೂರ ಹೋಗುವ ತನಕ ಕಾದು ಎತ್ತಿಕೊಂಡೆ. ಆಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

"ಈಗ ಮಡಿ ಇಲ್ಲಂದ್ರಲ್ಲ?"

"ರೂಢಿ ಮಾಳವ್ವಾ. ಕೈಗೆ ಗೊತ್ತಾಗವಲ್ದು."

ಈಗ ಹೀಗೆ ನಡೆದಿದೆ. ಮುಂಜಾನೆ ಜಾಲಹಳ್ಳಿಯ ಉಣ್ಣೆ ನಾನು ನೋಡದ ಖೋಲಿಯಲ್ಲಿ ಕೂತಿರುತ್ತದೆ, ಆಚಾರ್ರು ಅದರ ಮೇಲೆ ಅತ್ತ ಇತ್ತ ಹೊರಳುವ ಸದ್ದು ಮೇಲಕ್ಕೆ ಕೇಳುತ್ತದೆ. ಮಧ್ಯಾಹ್ನ ನಾವಿಬ್ಬರು ಮೆಟ್ಟಿಲ ಮೇಲೆ ಮೊಣಕಾಲಿಗೆ ಮೊಣಕಾಲು ಹಚ್ಚಿ ಕೂತು, ಕುರಿಯಿಲ್ಲದ ದಾರದಲ್ಲಿ ಯಾರದೋ ಕೂಸಿಗೆ ಟೊಪ್ಪಿಗೆ ಹೆಣೆಯುತ್ತೇವೆ. ಉಣ್ಣೆ ಅವರನ್ನು ಒಳಗೆ ಇಡುತ್ತದೆ, ಪ್ಲಾಸ್ಟಿಕ್ ಹೊರಗೆ ಕರೆತರುತ್ತದೆ. ನಮ್ಮ ಜನಕ್ಕೆ ಈ ಮಾತು ಕೇಳಿ ಸಿಟ್ಟು ಬರಬಹುದು. ಬರಲಿ. ನನಗೆ ಪ್ಲಾಸ್ಟಿಕ್ ಒಗ್ಗಿದೆ.

ಊರಿನಿಂದ ಬಂದವರು ಕೇಳುತ್ತಾರೆ, ಯಾವಾಗ ವಾಪಸ್ಸು ಬರುತ್ತೀ ಅಂತ. ಉಣ್ಣೆ ಬೇಕಾದಾಗ ಬರುತ್ತೇನೆ ಅನ್ನುತ್ತೇನೆ. ಗಲ್ಲಿಯವರು ಕೇಳುತ್ತಾರೆ, ನೀವು ಎಲ್ಲಿಯವರು ಅಂತ. ಮೇಲಿನ ಖೋಲಿಯವರು ಅನ್ನುತ್ತೇನೆ.

ಮೊನ್ನೆ ಮಧ್ಯಾಹ್ನ ಜೊಂಪು ಹತ್ತಿತ್ತು. ಗುಡ್ಡ ಇಳಿದು ಬಂದ ಕುರಿಗಳಲ್ಲಿ ಒಂದೆರಡು ಗಿಣಿ ಹಸಿರು, ಒಂದು ಅರಿಶಿನ. ಗಲ್ಲಿಯ ತಿರುವಿನಲ್ಲಿ ನಿಂತು ನನ್ನ ಕಡೆ ನೋಡಿದವು. ಹಚಾ ಅನ್ನಲೋ, ಬಾ ಅನ್ನಲೋ ತಿಳಿಯಲಿಲ್ಲ. ಅಷ್ಟರಲ್ಲಿ ರೇಣುಕಾ ಪಾಳಿ ಮುಗಿಸಿ ಬಂದಿದ್ದಳು. ಮಂಚದ ಪಕ್ಕ ನಿಂತು, ಎಬ್ಬಿಸದೆ, ತನ್ನಷ್ಟಕ್ಕೆ ಅಂದದ್ದು ನಿದ್ದೆಯಲ್ಲೇ ಕೇಳಿಸಿತು.

"ಅಯ್ಯ ನಮ್ಮವ್ವ! ಒಂದ ಕೈ ನೂಲಾಕತ್ತೈತಿ, ಒಂದ ಕೈ ಹೆಣ್ಯಾಕತ್ತೈತಿ."

ಯಾವ ಕೈ ಯಾವುದು ಅಂತ ನಾನು ಎದ್ದು ಕೇಳಲಿಲ್ಲ.